ಮೂರು ವರ್ಷಕ್ಕಾ, ಒಂದು ವರ್ಷಕ್ಕಾ? ಹಾಸನದ ಒಂದು ಮನೆಯವರು ಮಾಂಟೆಸ್ಸರಿ ಹುಡುಕಿದ ಪ್ರಕರಣ

ಮನೆ ಮತ್ತು ಒತ್ತಡ

ಕುಟುಂಬ ಹಾಸನದ ವಿದ್ಯಾನಗರದ್ದು. ತಂದೆಗೆ ಬಿ.ಎಂ. ರಸ್ತೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ತಾಯಿ ಸಹಕಾರಿ ಬ್ಯಾಂಕೊಂದರಲ್ಲಿ ಕ್ಲರ್ಕ್. ಜೊತೆಗೆ ದುದ್ದ ಕಡೆಯಿಂದ ಬಂದು ನೆಲೆಸಿರುವ ಅಜ್ಜಿ, ಅಂದರೆ ತಂದೆಯ ತಾಯಿ. ಮಗು 2021ರ ಆಗಸ್ಟ್‌ನಲ್ಲಿ ಹುಟ್ಟಿದ್ದು. ಮನೆಯಲ್ಲಿ ಪುಟ್ಟಿ ಅಂತಲೇ ಕರೆಯುತ್ತಾರೆ, ಇಲ್ಲೂ ಹಾಗೇ ಇರಲಿ. ನಾನು ಅದೇ ರಸ್ತೆಯವಳು. ಬಹಳ ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದ್ದೇನೆ ಅನ್ನೋ ಕಾರಣಕ್ಕೆ ಎರಡು ಶಾಲೆಗೆ ನನ್ನನ್ನೂ ಕರೆದುಕೊಂಡು ಹೋದರು. ಉಳಿದದ್ದನ್ನು ಅವರಿಂದಲೇ ಕೇಳಿ, ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಶಾಲೆಗಳ ಹೆಸರು ಬೇಡ ಅಂದರು. ನನಗೂ ಬೇಕಿರಲಿಲ್ಲ.

ಹುಡುಕಾಟ ಶುರುವಾಗಿದ್ದು 2025ರ ಜನವರಿಯಲ್ಲಿ. ಬ್ಯಾಂಕಿನಲ್ಲಿ ಪಕ್ಕದ ಕೌಂಟರಿನವರು ಒಂದು ಮಾತು ಹೇಳಿದರು. "ಈಗ ಎಲ್‌ಕೆಜಿ ಸೀಟ್ ಹಿಡೀದೇ ಇದ್ರೆ ಆಮೇಲೆ ಫಸ್ಟ್ ಸ್ಟ್ಯಾಂಡರ್ಡ್‌ಗೆ ಬಾಗಿಲೇ ತೆಗೆಯಲ್ಲ ಕಣ್ರೀ." ಈ ಮಾತು ಪೂರ್ತಿ ಸುಳ್ಳಲ್ಲ. ದೊಡ್ಡ ಖಾಸಗಿ ಶಾಲೆಗಳು ಎಲ್‌ಕೆಜಿಯಲ್ಲೇ ಸೀಟು ತುಂಬಿಸಿಕೊಳ್ಳುತ್ತವೆ. ಮೇಲಿನ ತರಗತಿಗೆ ಉಳಿಯುವುದು ಬಿಟ್ಟು ಹೋದವರ ಜಾಗ ಮಾತ್ರ. ಆ ಭಯದಲ್ಲೇ ಹಾಸನದ ಎಷ್ಟೋ ಅಪ್ಪ ಅಮ್ಮ ಮೂರು ವರ್ಷದ ಮಗುವಿಗೆ ಡಿಸೆಂಬರಿನಿಂದಲೇ ಫಾರಂ ತರೋಕೆ ಓಡಾಡುತ್ತಾರೆ.

ತಾಯಿಗೆ ಮಾಂಟೆಸ್ಸರಿಯೇ ಬೇಕಿತ್ತು, ಅಂದರೆ ಮಗು ಸಾಮಾನು ಕೈಯಲ್ಲಿ ಹಿಡಿದು ತಾನೇ ಮಾಡುತ್ತಾ ಕಲಿಯುವ ಪದ್ಧತಿಯ ಶಾಲೆ. ಬೆಂಗಳೂರಿನಲ್ಲಿರುವ ಅವರ ಅಕ್ಕನ ಮಗ ಅಂಥ ಶಾಲೆಯಲ್ಲಿ ಓದಿ, ತನ್ನ ತಟ್ಟೆ ತಾನೇ ತೊಳೆದಿಡುವುದನ್ನು ನೋಡಿದ್ದರು. ತಂದೆಯ ಬೇಡಿಕೆ ಸರಳ. "ಎಲ್ಲಾದ್ರೂ ಸೇರ್ಸು, ಮನೆ ಮುಂದೆ ಬಸ್ ಬರಬೇಕು ಅಷ್ಟೇ." ಅಜ್ಜಿಗೆ ಬೀದಿ ಕೊನೆಯ ಅಂಗನವಾಡಿಯೇ ಸಾಕಾಗಿತ್ತು.

ನೋಡಿದ ನಾಲ್ಕು ಜಾಗ

ಮೊದಲು ಹೋದದ್ದು ದೊಡ್ಡ ಕಟ್ಟಡದ ಶಾಲೆಗೆ. ಗೋಡೆ ತುಂಬ ಕಾರ್ಟೂನ್, ಹೊರಗೆ ದೊಡ್ಡದಾಗಿ "ಮಾಂಟೆಸ್ಸರಿ" ಅಂತ ಬೋರ್ಡ್. ಒಳಗೆ ಮಾಂಟ್-1, ಮಾಂಟ್-2, ಮಾಂಟ್-3 ಅಂತ ಬೇರೆ ಬೇರೆ ಕೊಠಡಿ. ಮಕ್ಕಳನ್ನು ವಯಸ್ಸಿನ ಪ್ರಕಾರ ಹಂಚಿ ಕೂರಿಸಿದ್ದರು. ಮಾಂಟ್-2ರಲ್ಲಿ ಎಲ್ಲರೂ ಬೆಂಚಿನ ಮೇಲೆ ಕುಳಿತು ನಾಲ್ಕು ಗೆರೆ ಪುಸ್ತಕದಲ್ಲಿ ಒಂದೇ ಅಕ್ಷರ ಬರೆಯುತ್ತಿದ್ದರು. ಮಾಂಟೆಸ್ಸರಿ ಸಾಮಾನು ಎಲ್ಲಿದೆ ಅಂತ ತಾಯಿ ಕೇಳಿದಾಗ ಪ್ರಿನ್ಸಿಪಾಲರ ಕೋಣೆಯ ಬೀರು ತೋರಿಸಿದರು. ಮೇಲೆ ಗುಲಾಬಿ ಗೋಪುರ, ಅಂದರೆ ಒಂದರ ಮೇಲೊಂದು ಜೋಡಿಸುವ ಗುಲಾಬಿ ಬಣ್ಣದ ಘನಗಳು ಇದ್ದವು, ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚಿರಲಿಲ್ಲ. "ಮಕ್ಕಳು ಹಾಳು ಮಾಡ್ತಾರೆ, ವಾರಕ್ಕೊಂದು ಪೀರಿಯಡ್ ಕೊಡ್ತೀವಿ" ಅಂದರು.

ಅಲ್ಲೇ ಪುಟ್ಟಿಗೆ ಒಂದು ಇಂಟರ್‌ವ್ಯೂ ಕೂಡ ಆಯಿತು. ಆಪಲ್ ತೋರಿಸು, ಬಣ್ಣ ಹೇಳು ಅಂತ. ಪುಟ್ಟಿ ಅಮ್ಮನ ಸೆರಗಿನ ಹಿಂದೆ ಹೋಗಿ ನಿಂತಳು. ತಂದೆ ತಾಯಿಯ ಡಿಗ್ರಿಯನ್ನೂ ಕೇಳಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರವೇಶಕ್ಕಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆ ಮಾಡಿ ಆರಿಸುವುದನ್ನು ನಿಷೇಧಿಸುತ್ತದೆ. ಡೊನೇಷನ್ನಿಗೂ ಅದೇ ಸೆಕ್ಷನ್ ಅಡ್ಡ. ನಾನು ಈ ಮಾತು ಹೇಳಿದಾಗ ತಂದೆ ನಕ್ಕುಬಿಟ್ಟರು. "ಟೀಚರಮ್ಮ, ಕಾಯ್ದೆ ಹೇಳ್ಕೊಂಡು ಹೋದ್ರೆ ಸೀಟ್ ಕೊಡ್ತಾರಾ?" ಫೀಸು ವರ್ಷಕ್ಕೆ 58 ಸಾವಿರ, ಬಸ್ಸು ಬೇರೆ.

ಎರಡನೆಯದು ಒಂದು ಕಂಪನಿಯ ಹೆಸರಿನಲ್ಲಿ ನಡೆಯುವ ಪ್ಲೇ ಸ್ಕೂಲ್. ಅಲ್ಲಿನ ಮೇಡಂ ಮೊದಲ ಮಾತಿನಲ್ಲೇ "ನಮ್ಮದು ಮಾಂಟೆಸ್ಸರಿ ಅಲ್ಲ, ಆಟದ ಶಾಲೆ" ಅಂದರು. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ಸಂಜೆ 6ರವರೆಗೆ ಡೇ ಕೇರ್ ಇತ್ತು. ಅಜ್ಜಿ ಇಲ್ಲದ ಮನೆಯಾಗಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ.

ಅಂಗನವಾಡಿಗೆ ಅಜ್ಜಿಯೇ ಕರೆದುಕೊಂಡು ಹೋದರು. ಸುಮ್ನೆ ಅವರ ಮನಸ್ಸಿಗೆ ಸಮಾಧಾನ ಆಗಲಿ ಅಂತ ಹೋದದ್ದು. ಆದರೆ ಅಲ್ಲಿ ಕಂಡದ್ದನ್ನು ತಳ್ಳಿಹಾಕೋಕೆ ಆಗುವುದಿಲ್ಲ. ಒಂದೇ ಕೋಣೆಯಲ್ಲಿ 3ರಿಂದ 6 ವರ್ಷದ ಮಕ್ಕಳು. ದೊಡ್ಡವಳೊಬ್ಬಳು ಚಿಕ್ಕವನಿಗೆ ಲೋಟ ಹಿಡಿದು ಹಾಲು ಕುಡಿಸುತ್ತಿದ್ದಳು. ಕಾರ್ಯಕರ್ತೆಗೆ ಪ್ರತಿ ಮಗುವಿನ ಹೆಸರೂ ಗೊತ್ತು, ಅವರ ಅಪ್ಪ ಅಮ್ಮನ ಕೆಲಸವೂ ಗೊತ್ತು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಇರಬೇಕು ಅನ್ನುವುದು ಮಾಂಟೆಸ್ಸರಿ ಪದ್ಧತಿಯ ಬುಡದ ನಿಯಮ. 58 ಸಾವಿರದ ಶಾಲೆಯಲ್ಲಿ ಇಲ್ಲದ್ದು ಇಲ್ಲಿ ಬಿಟ್ಟಿ ಸಿಗುತ್ತಿತ್ತು! ಕೊರತೆ ಇದ್ದದ್ದು ಬೇರೆ ಕಡೆ. ಕಾರ್ಯಕರ್ತೆಗೆ ರಿಜಿಸ್ಟರು, ಸರ್ವೆ, ಗರ್ಭಿಣಿಯರ ಲೆಕ್ಕ ಅಂತ ಮಕ್ಕಳನ್ನು ಬಿಟ್ಟು ಬೇರೆ ಕೆಲಸವೇ ಜಾಸ್ತಿ. 2024ರಲ್ಲಿ ರಾಜ್ಯ ಸರ್ಕಾರ ಕೆಲವು ಅಂಗನವಾಡಿಗಳನ್ನು "ಸರ್ಕಾರಿ ಮಾಂಟೆಸ್ಸರಿ" ಅಂತ ಮೇಲ್ದರ್ಜೆಗೆ ಏರಿಸಿತು. ಈ ಅಂಗನವಾಡಿ ಆ ಪಟ್ಟಿಯಲ್ಲಿರಲಿಲ್ಲ.

ಹೆಸರಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮಾಂಟೆಸ್ಸರಿ ಅನ್ನೋ ಹೆಸರು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬೋರ್ಡ್ ಬರೆಸಬಹುದು. ಇಟಲಿಯ ವೈದ್ಯೆ ಮಾರಿಯಾ ಮಾಂಟೆಸ್ಸರಿ 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಬಡಾವಣೆಯಲ್ಲಿ ಮೊದಲ ಮಕ್ಕಳ ಮನೆ ತೆರೆದರು. ಕೂಲಿ ಮಾಡುವ ಬಡವರ ಮಕ್ಕಳಿಗಾಗಿ ತೆರೆದದ್ದು ಅದು. ಈಗ ನಮ್ಮಲ್ಲಿ ಬೀದಿಯ ದುಬಾರಿ ಶಾಲೆಗೆ ಆ ಹೆಸರು. 1939ರಲ್ಲಿ ಆಕೆ ಮದ್ರಾಸಿನ ಅಡ್ಯಾರಿಗೆ ಶಿಕ್ಷಕರ ತರಬೇತಿ ಕೊಡಲು ಬಂದರು. ಮಹಾಯುದ್ಧ ಶುರುವಾಗಿ, ಇಟಲಿಯವರೆಂಬ ಕಾರಣಕ್ಕೆ ಇಲ್ಲೇ ಉಳಿಯಬೇಕಾಯಿತು. 1946ರವರೆಗೆ ಇದ್ದು ನೂರಾರು ಶಿಕ್ಷಕರನ್ನು ತಯಾರು ಮಾಡಿದರು. ಹಾಗಾಗಿ ಈ ಪದ್ಧತಿಗೆ ದಕ್ಷಿಣ ಭಾರತದಲ್ಲಿ ಗಟ್ಟಿ ಬೇರಿದೆ. ಅದನ್ನು ಸರಿಯಾಗಿ ಕಲಿತವರು ಸಣ್ಣ ಊರುಗಳಲ್ಲೂ ಸಿಗುತ್ತಾರೆ. ಹುಡುಕಬೇಕು ಅಷ್ಟೇ.

ಒಂದು ಬೆಳಗ್ಗೆ, ಒಂದು ಕುರ್ಚಿ

ನಾಲ್ಕನೆಯದು ಕೆ.ಆರ್. ಪುರಂನ ಒಳರಸ್ತೆಯಲ್ಲಿ ಹಳೇ ಮನೆಯೊಂದರಲ್ಲಿ ನಡೆಯುವ ಶಾಲೆ. 22 ಮಕ್ಕಳು, ಇಬ್ಬರು ದೊಡ್ಡವರು. ಮಕ್ಕಳು ಅವರನ್ನು ಆಂಟಿ ಅಂತ ಕರೆಯುತ್ತಾರೆ. ಇಬ್ಬರಿಗೂ ಬೆಂಗಳೂರಿನಲ್ಲಿ ವರ್ಷದ ತರಬೇತಿ ಆಗಿತ್ತು. ವಾರಾಂತ್ಯದ ಕಾರ್ಯಾಗಾರದ ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಿದವರೂ ಇರುತ್ತಾರೆ. ಹಾಗಾಗಿ ಎಷ್ಟು ದಿನದ ತರಬೇತಿ ಅಂತ ಕೇಳಬೇಕು. ತಾಯಿ ಕೇಳಿದರು, ಅವರು ಬೇಜಾರಿಲ್ಲದೆ ತೋರಿಸಿದರು.

ಆಮೇಲೆ ಹಿರಿಯ ಆಂಟಿ ಮೂಲೆಯಲ್ಲಿ ಕುರ್ಚಿ ಹಾಕಿದರು. "ಒಂದು ಗಂಟೆ ಕೂತ್ಕೊಳ್ಳಿ. ಮಾತಾಡಬೇಡಿ, ಮಕ್ಕಳನ್ನ ಹೊಗಳಬೇಡಿ. ಆಮೇಲೆ ಏನು ಬೇಕಾದ್ರೂ ಕೇಳಿ." ಮೊದಲಿನ ಶಾಲೆಯಲ್ಲಿ ತರಗತಿ ನಡೆಯುವಾಗ ಒಳಗೆ ಬಿಟ್ಟಿರಲಿಲ್ಲ, ಕಿಟಕಿಯಿಂದ ನೋಡಿ ಅಂದಿದ್ದರು.

ನೆಲದ ಮೇಲೆ ಸಣ್ಣ ಸಣ್ಣ ಚಾಪೆ. ಒಬ್ಬ ಹುಡುಗ ಒಂದು ಜಗ್ಗಿನಿಂದ ಇನ್ನೊಂದಕ್ಕೆ ಅಕ್ಕಿ ಸುರಿಯುತ್ತಿದ್ದ. ಚೆಲ್ಲಿದ್ದನ್ನು ಒಂದೊಂದೇ ಕಾಳು ಹೆಕ್ಕಿ ಮತ್ತೆ ಸುರಿಯುತ್ತಿದ್ದ. ಒಬ್ಬಳು ಬಟ್ಟೆಯ ಗುಂಡಿ ಹಾಕಿ ಬಿಚ್ಚಿ ಅಭ್ಯಾಸ ಮಾಡುವ ಚೌಕಟ್ಟು ಹಿಡಿದು ಕುಳಿತಿದ್ದಳು. ಇನ್ನೊಬ್ಬ ಮರದ ಹಲಗೆಯ ಹತ್ತು ಕುಳಿಗಳಿಗೆ ಹತ್ತು ಉರುಳೆ ಕೂರಿಸುತ್ತಿದ್ದ. ಮಧ್ಯದಲ್ಲಿ ಒಂದನ್ನು ತಪ್ಪು ಕುಳಿಗೆ ಹಾಕಿದ. ನಾನು ಟೀಚರು ನೋಡಿ, ಹೇಳಿಬಿಡೋಕೆ ನಾಲಿಗೆ ತುದಿಗೆ ಬಂತು. ಆಂಟಿ ನೋಡಿಯೂ ಸುಮ್ಮನಿದ್ದರು. ಕೊನೆಗೆ ಒಂದು ಉರುಳೆ ಉಳಿದುಬಿಟ್ಟಿತು, ಯಾವ ಕುಳಿಗೂ ಕೂರಲಿಲ್ಲ. ಹುಡುಗ ಸ್ವಲ್ಪ ಹೊತ್ತು ನೋಡಿದ, ಎಲ್ಲ ತೆಗೆದ, ಮತ್ತೆ ಶುರು ಮಾಡಿದ. ತಪ್ಪನ್ನು ಹೇಳುವ ಕೆಲಸ ಸಾಮಾನೇ ಮಾಡುತ್ತದೆ. ಗುಲಾಬಿ ಗೋಪುರವೂ ಹಾಗೇ. 1 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗೆ ಹತ್ತು ಘನಗಳು. ಒಂದು ಹಿಂದೆ ಮುಂದೆ ಆದರೂ ಕಣ್ಣಿಗೆ ಹೊಡೆಯುತ್ತದೆ.

ಅಲ್ಲಿ ಗೋಪುರ ಇದ್ದದ್ದು ಒಂದೇ. ತಂದೆಗೆ ಇದು ಜಿಪುಣತನ ಅನ್ನಿಸಿತು. 22 ಮಕ್ಕಳಿಗೆ ಒಂದು ಸೆಟ್ಟಾ? ಬೇಕೆಂದೇ ಹಾಗಿಡುತ್ತಾರೆ. ಒಬ್ಬರು ಮುಗಿಸಿ ವಾಪಸ್ ಇಡುವವರೆಗೆ ಇನ್ನೊಬ್ಬರು ಕಾಯಬೇಕು. ಕಾಯುವುದೂ ಅಲ್ಲಿನ ಪಾಠ.

ತಂದೆಯ ಮನಸ್ಸು ತಿರುಗಿಸಿದ್ದು ಐದೂವರೆ ವರ್ಷದ ಒಬ್ಬ ಹುಡುಗಿ. ಅವಳ ಚಾಪೆ ಮೇಲೆ ಬಂಗಾರದ ಬಣ್ಣದ ಮಣಿಗಳಿದ್ದವು. ಬಿಡಿ ಮಣಿ ಒಂದು, ಹತ್ತು ಪೋಣಿಸಿದ ಕಡ್ಡಿ ಹತ್ತು, ಹತ್ತು ಕಡ್ಡಿ ಸೇರಿದ ಚೌಕ ನೂರು, ಹತ್ತು ಚೌಕ ಸೇರಿದ ಗಟ್ಟಿ ಸಾವಿರ. ಅವಳು ಹತ್ತು ಬಿಡಿ ಮಣಿ ಕೊಟ್ಟು ಒಂದು ಕಡ್ಡಿ ತರುತ್ತಿದ್ದಳು, ಹತ್ತು ಕಡ್ಡಿ ಕೊಟ್ಟು ಒಂದು ಚೌಕ. ಕೂಡುವ ಲೆಕ್ಕದಲ್ಲಿ ನಾವು "ದಶಕ" ಅಂತ ಬಾಯಲ್ಲಿ ಹೇಳಿಸುವುದನ್ನು ಅವಳು ಕೈಯಲ್ಲಿ ಹೊತ್ತು ಓಡಾಡುತ್ತಿದ್ದಳು. ಹೊರಗೆ ಬಂದ ಮೇಲೆ ತಂದೆ ಅಂದರು: "ಸಾವಿರ ಎಷ್ಟು ಭಾರ ಇರುತ್ತೆ ಅಂತ ನಮ್ಮ ಅಂಗಡಿ ಹುಡುಗನಿಗೂ ಇನ್ನೂ ಗೊತ್ತಿಲ್ಲ."

ಫೀಸು 42 ಸಾವಿರ. ಬಸ್ಸಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಬಿಡುತ್ತಾರೆ. ಹೋಂವರ್ಕ್ ಇಲ್ಲ, ವಾರ್ಷಿಕೋತ್ಸವದ ಡ್ಯಾನ್ಸ್ ಕೂಡ ಇಲ್ಲ. ಕೊನೆಗೆ ಹಿರಿಯ ಆಂಟಿ ಒಂದು ಷರತ್ತು ಹೇಳಿದರು. "ಮೂರು ವರ್ಷ ಬಿಡೋದಾದ್ರೆ ಸೇರಿಸಿ. ಒಂದು ವರ್ಷ ಆಡಿಸಿ ಎಲ್‌ಕೆಜಿಗೋ ಯುಕೆಜಿಗೋ ಕರ್ಕೊಂಡು ಹೋಗೋದಾದ್ರೆ ದಯವಿಟ್ಟು ಬೇಡ."

ಈ ಪ್ರಕರಣದ ತಿರುವು ಇದೇ. ಅಲ್ಲಿಯವರೆಗೆ ಇವರು ಕೇಳುತ್ತಿದ್ದದ್ದು ಯಾವ ಶಾಲೆ ಅಂತ. ಎಷ್ಟು ವರ್ಷ ಅಂತ ಮನೆಯಲ್ಲಿ ಒಬ್ಬರೂ ಮಾತಾಡಿರಲಿಲ್ಲ. ಈ ಪದ್ಧತಿಯಲ್ಲಿ ಸುಮಾರು 3ರಿಂದ 6 ವರ್ಷದವರೆಗಿನದ್ದು ಒಂದೇ ಓಟ. ಮೊದಲ ವರ್ಷ ಮಗು ಕೈ ಪಳಗಿಸಿಕೊಳ್ಳುತ್ತದೆ, ಸುರಿಯುತ್ತದೆ, ಒರೆಸುತ್ತದೆ, ದೊಡ್ಡವರನ್ನು ನೋಡುತ್ತದೆ. ಬರವಣಿಗೆ, ಓದು, ಮಣಿಯ ಲೆಕ್ಕ ಎಲ್ಲ ಕೂಡಿ ಬರುವುದು ಮೂರನೇ ವರ್ಷ. ತಾನು ಚಿಕ್ಕವರಿಗೆ ಹೇಳಿಕೊಡುವುದೂ ಆಗಲೇ. ಒಂದೇ ವರ್ಷಕ್ಕೆ ಬಿಡಿಸುವುದು ಅಂದರೆ ಕಾಫಿ ಗಿಡ ನೆಟ್ಟು, ಫಸಲು ಹಿಡಿಯುವ ಮೊದಲೇ ಕಿತ್ತು ಬೇರೆ ತೋಟಕ್ಕೆ ಹಾಕಿದ ಹಾಗೆ. ಹಾಸನದಲ್ಲಿ ಜಾಸ್ತಿ ಜನ ಮಾಡುವುದು ಇದನ್ನೇ. ಸೀಟಿನ ಭಯಕ್ಕೆ ನಾಲ್ಕು ನಾಲ್ಕೂವರೆಗೆ ಬಿಡಿಸಿ, "ಮಾಂಟೆಸ್ಸರಿಲಿ ಏನೂ ಕಲಿಸಲ್ಲ, ಬರೀ ನೀರು ಸುರಿಸ್ತಾರೆ" ಅನ್ನುತ್ತಾರೆ. ಅವರು ನೋಡಿದ್ದು ಅಷ್ಟನ್ನೇ ತಾನೇ?

ವಯಸ್ಸಿನ ಲೆಕ್ಕ

ಆ ರಾತ್ರಿ ತಾಯಿ ಕ್ಯಾಲೆಂಡರ್ ಹಿಡಿದು ಕುಳಿತರು. ನಮ್ಮ ರಾಜ್ಯದಲ್ಲಿ 2025-26ರಿಂದ 1ನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅಂತ ನಿಯಮ ಬಂದಿತ್ತು. ಕೇಂದ್ರೀಯ ವಿದ್ಯಾಲಯಗಳಲ್ಲಿ 2022ರಿಂದಲೇ 6 ವರ್ಷ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವುದೂ ಅದನ್ನೇ.

ಪುಟ್ಟಿ 2025ರ ಜೂನ್‌ನಲ್ಲಿ ಎಲ್‌ಕೆಜಿ ಸೇರಿದರೆ, 2026ಕ್ಕೆ ಯುಕೆಜಿ, 2027ರ ಜೂನ್‌ಗೆ 1ನೇ ತರಗತಿ. ಆಗ ಅವಳಿಗೆ 5 ವರ್ಷ 9 ತಿಂಗಳು. ನಿಯಮದ ಪ್ರಕಾರ ಆಗುವುದಿಲ್ಲ. ಯುಕೆಜಿಯನ್ನೇ ಇನ್ನೊಂದು ವರ್ಷ ಓದಬೇಕು. ಅದೇ ಮಾಂಟೆಸ್ಸರಿಯಲ್ಲಿ 2025ರಿಂದ 2028ರವರೆಗೆ ಮೂರು ವರ್ಷ ಮುಗಿಸಿದರೆ, 2028ರ ಜೂನ್‌ಗೆ 6 ವರ್ಷ 9 ತಿಂಗಳು. ಸರಿಯಾಗಿ ಕೂರುತ್ತದೆ. ಅಂದರೆ ಇವರು ಹೆದರಿದ್ದ ಅವಸರಕ್ಕೆ ಪುಟ್ಟಿಯ ವಿಷಯದಲ್ಲಿ ಆಧಾರವೇ ಇರಲಿಲ್ಲ. ಏಪ್ರಿಲ್, ಮೇನಲ್ಲಿ ಹುಟ್ಟಿದ ಮಕ್ಕಳಿಗೆ ಲೆಕ್ಕ ಬೇರೆ ಬರುತ್ತದೆ. ಹುಟ್ಟಿದ ತಿಂಗಳು ಇಟ್ಟುಕೊಂಡು ಪ್ರತಿ ಮನೆಯವರೂ ಇದನ್ನು ತಾವೇ ಹಾಕಿ ನೋಡಬೇಕು.

ದೊಡ್ಡ ಶಾಲೆಯವರಿಗೆ ಈ ಲೆಕ್ಕ ಹೇಳಿದಾಗ "ಸರ್, ಗೌರ್ಮೆಂಟ್ ಸಡಿಲ ಮಾಡೇ ಮಾಡುತ್ತೆ" ಅಂದರು. ಏಪ್ರಿಲ್‌ನಲ್ಲಿ ಸರ್ಕಾರ ನಿಜಕ್ಕೂ ಸಡಿಲಿಸಿತು. 5 ವರ್ಷ 5 ತಿಂಗಳಾದವರಿಗೂ ಅವಕಾಶ, ಆದರೆ ಆ ಒಂದು ವರ್ಷಕ್ಕೆ ಮಾತ್ರ ಅಂತ ಹೇಳಿತು. ಮನೆಯಲ್ಲಿ ಮತ್ತೆ ಗೊಂದಲ. 2027ರಲ್ಲೂ ಸಡಿಲಿಸಿಬಿಟ್ಟರೆ ಪುಟ್ಟಿ ಒಂದು ವರ್ಷ ಹಿಂದೆ ಬೀಳುತ್ತಾಳಲ್ಲ ಅಂತ ತಂದೆಯ ಚಿಂತೆ. ಎರಡನೇ ತರಗತಿಯಲ್ಲಿ ಪೆನ್ಸಿಲ್ ಹಿಡಿಯೋಕೂ ಕಷ್ಟಪಡುವ ಚಿಕ್ಕ ವಯಸ್ಸಿನ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಂದು ವರ್ಷ ದೊಡ್ಡವಳಾಗಿ ಹೋದರೆ ನಷ್ಟವಿಲ್ಲ ಅಂತ ನನ್ನ ಅಭಿಪ್ರಾಯ ಹೇಳಿದೆ.

ಮನೆಯೊಳಗಿನ ವಾದ

ಅಜ್ಜಿಗೆ ವಯಸ್ಸಿನ ಲೆಕ್ಕ ಬೇಕಿರಲಿಲ್ಲ. ಅವರ ಪ್ರಶ್ನೆ ನೇರ. "42 ಸಾವಿರ ಕೊಟ್ಟು ಅಕ್ಕಿ ಸುರಿಯೋದು ಕಲಿಸ್ತಾರಾ? ಮನೇಲಿ ಮೊರ ಹಿಡಿದು ನನ್ನ ಪಕ್ಕ ಕೂತ್ರೆ ನಾನು ಬಿಟ್ಟಿ ಕಲಿಸಲ್ವಾ?"

ಈ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಅಕ್ಕಿ ಆರಿಸುವುದು, ಅವರೆಕಾಯಿ ಸುಲಿಯುವುದು, ಬೇಳೆ ಹಿತುಕುವುದು, ಬಟ್ಟೆ ಮಡಚುವುದು ಎಲ್ಲ ಈ ಪದ್ಧತಿಯ ಮೊದಲ ಪಾಠಗಳೇ. ಆ ಬೆರಳುಗಳೇ ಮುಂದೆ ಪೆನ್ಸಿಲ್ ಹಿಡಿಯುವುದು. ಆದರೆ ಅಜ್ಜಿ ಹೇಳಿದ್ದೇ ಒಂದು, ಮನೆಯಲ್ಲಿ ನಡೆಯುತ್ತಿದ್ದದ್ದೇ ಇನ್ನೊಂದು. ಪುಟ್ಟಿ ಅಡುಗೆಮನೆಗೆ ಬಂದರೆ "ಚೆಲ್ತೀಯ, ಆಚೆ ಹೋಗು" ಅಂತ ಮೊದಲು ಕೂಗುತ್ತಿದ್ದವರು ಅವರೇ. ಸೊಸೆ ಇದನ್ನು ಮೆತ್ತಗೆ ಹೇಳಿದಾಗ ಅಜ್ಜಿ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೇ ದಿನ "ಹನ್ನೆರಡೂವರೆಗೆ ಕರ್ಕೊಂಡು ಬರೋರು ಯಾರು, ನಾನೇ ತಾನೇ? ಆಟೋದವನಿಗೆ ತಿಂಗಳ ಲೆಕ್ಕ ಮಾತಾಡಿ" ಅಂದರು. ಒಪ್ಪಿಗೆ ಬಂದದ್ದು ಹೀಗೆ.

ಸೇರಿದ ಮೇಲೆ

ಜೂನ್‌ನಲ್ಲಿ ಸೇರಿಸಿದರು. ಮಳೆಗಾಲದ ಬೆಳಗ್ಗೆ ಪುಟ್ಟಿ ರೇನ್‌ಕೋಟಿನ ಗುಂಡಿ ತಾನೇ ಹಾಕಿಕೊಳ್ಳುತ್ತೇನೆ ಅಂತ ಹಟ ಹಿಡಿಯುತ್ತಿದ್ದಳು. ಸ್ಕೂಟರ್ ಶುರು ಮಾಡಿ ನಿಂತ ತಂದೆಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತು ಮೀರುತ್ತಿತ್ತು. ಶಾಲೆಯಲ್ಲಿ ಬೆಳೆಸುವ ಸ್ವಾವಲಂಬನೆಗೆ ಮನೆಯವರು ಬೆಳಗಿನ ಕಾಲು ಗಂಟೆ ಕೊಡಬೇಕಾಗುತ್ತದೆ. ಸೇರಿಸುವ ಮುಂಚೆ ಯಾರೂ ಇದನ್ನು ಹೇಳುವುದಿಲ್ಲ.

ಎರಡು ತಿಂಗಳು ಪುಟ್ಟಿ ಬಟ್ಟೆ ಒಗೆಯುವ ಕೆಲಸ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅತ್ತ ಅವಳ ಓರಗೆಯ ಸೋದರತ್ತೆಯ ಮಗ 1ರಿಂದ 100 ಬರೆದ ಪುಟಗಳು ಫ್ಯಾಮಿಲಿ ವಾಟ್ಸ್ಆ್ಯಪ್‌ಗೆ ಬರುತ್ತಿದ್ದವು. ತಂದೆ ಹೋಗಿ "ಸ್ವಲ್ಪ ಬರೆಸೋಕೆ ಶುರು ಮಾಡಿ ಮೇಡಂ" ಅಂತ ಕೇಳಿದರು. ಆಂಟಿ ದಿನಚರಿ ಪುಸ್ತಕ ತೆಗೆದು ತೋರಿಸಿದರು. ಯಾವ ದಿನ ಎಷ್ಟು ಹೊತ್ತು ಒಂದೇ ಕೆಲಸದಲ್ಲಿ ಕೂತಳು ಅಂತ ಅದರಲ್ಲಿತ್ತು. ಶುರುವಿನಲ್ಲಿ ಐದು ನಿಮಿಷ ನಿಲ್ಲದವಳು ಅರ್ಧ ಗಂಟೆಗೆ ಬಂದಿದ್ದಳು. ತಂದೆಗೆ ಪೂರ್ತಿ ನಂಬಿಕೆ ಬರಲಿಲ್ಲ, ಆದರೆ ಮಾತು ನಿಲ್ಲಿಸಿದರು.

ಮುಂದೆ ಮರಳುಕಾಗದದ ಅಕ್ಷರಗಳು ಬಂದವು. ಮಗು ಬೆರಳಿನಿಂದ ಅಕ್ಷರ ತೀಡುತ್ತಾ ಅದರ ಧ್ವನಿ ಹೇಳಬೇಕು. ಈ ಶಾಲೆಯಲ್ಲಿ ಕನ್ನಡವೂ ಇದೆ, ಇಂಗ್ಲಿಷೂ ಇದೆ. ಕನ್ನಡದಲ್ಲಿ ಅಕ್ಷರ ಅಂದರೆ ಧ್ವನಿಯೇ, ತೊಂದರೆ ಇಲ್ಲ. ಇಂಗ್ಲಿಷಿನಲ್ಲಿ ಪುಟ್ಟಿ ಎ, ಬಿ, ಸಿ ಅನ್ನದೆ "ಆ್ಯ, ಬ್, ಕ್" ಅನ್ನೋಕೆ ಶುರು ಮಾಡಿದಾಗ ಮನೆಗೆ ಬಂದವರೆಲ್ಲ "ಎಬಿಸಿಡಿ ಬರಲ್ವಾ ಇವಳಿಗೆ?" ಅಂದರು. ಓದಲು ಬೇಕಾಗುವುದು ಧ್ವನಿ. ಅಕ್ಷರದ ಹೆಸರು ಆಮೇಲೆ ಕಲಿತರೂ ನಡೆಯುತ್ತದೆ. ನೆಂಟರಿಗೆ ಇದನ್ನು ವಿವರಿಸುವ ಕೆಲಸ ತಾಯಿಯ ಪಾಲಿಗೆ ಬಂತು.

ದೊಡ್ಡ ಪೆಟ್ಟು ಬಿದ್ದದ್ದು ಅಕ್ಟೋಬರಿನಲ್ಲಿ. ಹಾಸನಾಂಬೆಯ ಬಾಗಿಲು ತೆರೆದು ಊರೆಲ್ಲ ಗಿಜಿಗುಡುತ್ತಿದ್ದ ದಿನಗಳವು. ಕಿರಿಯ ಆಂಟಿ ಗಂಡನ ವರ್ಗಾವಣೆ ಅಂತ ಬೆಂಗಳೂರಿಗೆ ಹೊರಟರು. ಬದಲಿಗೆ ಬಂದ ಹುಡುಗಿ ಒಳ್ಳೆಯವಳು, ಆದರೆ ತರಬೇತಿ ಆಗಿಲ್ಲ. ದೀಪಾವಳಿ ಕಳೆದು ತಾಯಿ ಮತ್ತೆ ಆ ಕುರ್ಚಿಯಲ್ಲಿ ಕೂತು ನೋಡಿದರು. ಮಗು ತಪ್ಪು ಮಾಡುತ್ತಿದ್ದಂತೆ ಹೊಸ ಹುಡುಗಿ ಕೈ ಹಾಕಿ ಸರಿಮಾಡುತ್ತಿದ್ದಳು. "ವೆರಿ ಗುಡ್" ಅಂತ ಚಪ್ಪಾಳೆ ತಟ್ಟುತ್ತಿದ್ದಳು. ಮಕ್ಕಳು ಪ್ರತಿಯೊಂದಕ್ಕೂ ಅವಳ ಮುಖ ನೋಡೋಕೆ ಶುರು ಮಾಡಿದ್ದರು. ಚಿಕ್ಕ ಶಾಲೆಯ ನಿಜವಾದ ಅಪಾಯ ಇದು. ಎಲ್ಲ ನಿಂತಿರುವುದು ಇಬ್ಬರ ಮೇಲೆ, ಒಬ್ಬರು ಹೋದರೆ ಅರ್ಧ ಶಾಲೆಯೇ ಹೋದಂತೆ. ಸೇರಿಸುವಾಗ ಇವರು ಫೀಸು ಕೇಳಿದರು, ತರಬೇತಿ ಕೇಳಿದರು. ಒಬ್ಬರು ಬಿಟ್ಟು ಹೋದರೆ ಏನು ಮಾಡ್ತೀರಿ ಅಂತ ಕೇಳಲಿಲ್ಲ. ಜೊತೆಗಿದ್ದ ನನಗೂ ಹೊಳೆಯಲಿಲ್ಲ.

ಹಿರಿಯ ಆಂಟಿ ಮುಚ್ಚಿಡಲಿಲ್ಲ. ಪೋಷಕರನ್ನು ಕರೆದು ವಿಷಯ ಹೇಳಿದರು. ಹೊಸ ಹುಡುಗಿಯನ್ನು ಬೆಂಗಳೂರಿಗೆ ತರಬೇತಿಗೆ ಕಳಿಸಿದರೆ ಒಂದು ವರ್ಷ ಇಲ್ಲಿ ಒಬ್ಬರೇ ಆಗುತ್ತಾರೆ. ಕಳಿಸದಿದ್ದರೆ ಹೀಗೇ ನಡೆಯುತ್ತದೆ. ತರಬೇತಿ ಆದವರು ಹಾಸನಕ್ಕೆ ಬಂದು, ಇಲ್ಲಿ ಕೊಡಬಲ್ಲ ಸಂಬಳಕ್ಕೆ ನಿಲ್ಲುವುದು ಕಷ್ಟ. ಮೂರು ಮನೆಯವರು ಮುಂದಿನ ವರ್ಷಕ್ಕೆ ಬೇರೆ ಕಡೆ ಫಾರಂ ತಂದಿದ್ದಾರೆ.

ಸದ್ಯ

ಡಿಸೆಂಬರಿನಲ್ಲಿ ದೊಡ್ಡ ಶಾಲೆಯಿಂದ ಮತ್ತೆ ಫೋನ್ ಬಂತು. ಮುಂದಿನ ಜೂನ್‌ಗೆ ಎಲ್‌ಕೆಜಿಯಲ್ಲಿ ಸೀಟಿದೆ ಅಂದರು. ವಯಸ್ಸಿನ ಲೆಕ್ಕಕ್ಕೆ ಅದೂ ಸರಿಹೋಗುತ್ತದೆ. 2026ಕ್ಕೆ ಎಲ್‌ಕೆಜಿ, 2027ಕ್ಕೆ ಯುಕೆಜಿ, 2028ಕ್ಕೆ 1ನೇ ತರಗತಿ. ಹಾಗಾಗಿ ಈ ಸಲ ತಂದೆಯ ಮಾತಿಗೆ ತೂಕ ಜಾಸ್ತಿ. ಪುಟ್ಟಿ ಈಗಿನ ಶಾಲೆಗೆ ಬೆಳಗ್ಗೆ ಅಳದೆ, ಚಪ್ಪಲಿ ತಾನೇ ಹಾಕಿಕೊಂಡು ಹೋಗುತ್ತಾಳೆ ಅನ್ನುವುದು ತಾಯಿಯ ಉತ್ತರ. ಅಜ್ಜಿ ಈಗ ತಾಯಿಯ ಕಡೆ.

ಗಂಡ ಹೆಂಡತಿ ಒಂದು ಒಪ್ಪಂದಕ್ಕೆ ಬಂದಿದ್ದಾರೆ. ಮಾರ್ಚ್ ಒಳಗೆ ತರಬೇತಿ ಆದ ಇನ್ನೊಬ್ಬರು ಬಂದರೆ ಮೂರು ವರ್ಷ ಪೂರೈಸುವುದು. ಬರದಿದ್ದರೆ ಎಲ್‌ಕೆಜಿಗೆ ಕಟ್ಟುವುದು. ಆ ಸೀಟು ಹಿಡಿದಿಡಲು 5 ಸಾವಿರ ಮುಂಗಡ ಕೊಟ್ಟಾಗಿದೆ, ಅದು ವಾಪಸ್ ಬರುವುದಿಲ್ಲ ಅಂತ ಗೊತ್ತಿದ್ದೂ.